ಮೊದಲ ಪ್ಯಾಚಿಗೇ ಬೈಗುಳ

ಪ್ರಶ್ನೆ: ಮೇಡಂ, ನಾನು ಬಿಸಿಎ ಕೊನೆಯ ವರ್ಷದ ವಿದ್ಯಾರ್ಥಿನಿ. ನಾನು ದಿನವೂ ಬಳಸುವ ಒಂದು ಮುಕ್ತ ತಂತ್ರಾಂಶ ದಿನಾಂಕವನ್ನು ತಪ್ಪಾಗಿ ತೋರಿಸುತ್ತಿತ್ತು. ಅದರ ಕೋಡಿನಲ್ಲಿ ಒಂದೇ ಸಾಲು ತಿದ್ದಿ, ಆ ತಿದ್ದುಪಡಿಯನ್ನು (ಪ್ಯಾಚ್) ಸೇರಿಸಿಕೊಳ್ಳಿ ಎಂಬ ಕೋರಿಕೆ, ಅಂದರೆ ಪುಲ್ ರಿಕ್ವೆಸ್ಟ್, ಕಳಿಸಿದೆ. ನಾನು ಕೋಡ್ ಬರೆಯುವ ಎಡಿಟರ್ ಇಡೀ ಫೈಲಿನ ಟ್ಯಾಬುಗಳನ್ನು ಸ್ಪೇಸ್ ಮಾಡಿದ್ದು ಗೊತ್ತೇ ಆಗಲಿಲ್ಲ. ಆ ಯೋಜನೆ ನೋಡಿಕೊಳ್ಳುವವರು ‘ಇದು ಕಸ. ನಿಯಮ ಓದದವರು ಇಲ್ಲಿಗೆ ಬರಬೇಡಿ’ ಎಂದು ಬರೆದು ನನ್ನ ಕೋರಿಕೆಯನ್ನು ಮುಚ್ಚಿಬಿಟ್ಟರು. ಎಲ್ಲರಿಗೂ ಕಾಣುವಂತೆ ಅದು ಅಲ್ಲೇ ಇದೆ. ಮತ್ತೆ ಅತ್ತ ಹೋಗಲು ಮನಸ್ಸಾಗುತ್ತಿಲ್ಲ.
— ಓದುಗಿ, ಹಾಸನ

ಉತ್ತರ: ದೋಷ ಕಂಡಿರಿ, ಅದು ಯಾವ ಸಾಲಿನಲ್ಲಿದೆ ಎಂದು ಹುಡುಕಿದಿರಿ, ಸರಿಮಾಡಿದಿರಿ. ಕಷ್ಟದ ಕೆಲಸ ಅಲ್ಲಿಗೆ ಮುಗಿಯಿತು. ಉಳಿದಿರುವುದು ಎಡಿಟರಿನ ಒಂದು ಸೆಟ್ಟಿಂಗ್. ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ಎಂಬ ತಂತ್ರಾಂಶ, ಟ್ಯಾಬ್ ಬದಲಾದ ಪ್ರತಿ ಸಾಲನ್ನೂ ತಿದ್ದಿದ ಸಾಲೆಂದೇ ತೋರಿಸುತ್ತದೆ. ಆ ಕೆಂಪು ಹಸಿರಿನ ರಾಶಿಯಲ್ಲಿ ನಿಮ್ಮ ಒಂದು ಸಾಲನ್ನು ಯಾರೂ ಹುಡುಕಲಾರರು. ಹಿಂದಕ್ಕೆ ಕಳಿಸಿದ್ದು ಸರಿಯೇ. ‘ಸೇವ್ ಮಾಡುವಾಗ ಫಾರ್ಮ್ಯಾಟ್ ಆಗುವುದನ್ನು ನಿಲ್ಲಿಸಿ, ಆ ಸಾಲು ಮಾತ್ರ ಕಳಿಸಿ’ ಎಂದಿದ್ದರೆ ಸಾಕಿತ್ತು. ‘ಕಸ’ ಎಂದದ್ದರಿಂದ ಕೋಡಿಗೇನೂ ಲಾಭವಾಗಲಿಲ್ಲ.

ನಾನು ತಂತ್ರಾಂಶಗಳ ಕನ್ನಡ ಅನುವಾದಗಳನ್ನು ಪರಿಶೀಲಿಸುತ್ತೇನೆ. ವಾಕ್ಯದ ನಡುವೆ ಬಳಕೆದಾರರ ಹೆಸರು ಬಂದು ಕೂರಲೆಂದು ಇಟ್ಟ ಶೇಕಡಾ ಗುರುತನ್ನು ಹೊಸಬರು ಆಗಾಗ ಅಳಿಸಿಬಿಡುತ್ತಾರೆ. ಅದನ್ನೇ ಮತ್ತೆ ಮತ್ತೆ ವಿವರಿಸುವುದು ದಣಿವಿನ ಕೆಲಸ, ಒಪ್ಪುತ್ತೇನೆ. ಸಂಬಳವಿಲ್ಲದೆ ರಾತ್ರಿ ಕೂತು ಪ್ಯಾಚ್ ನೋಡುವವರು ಎಷ್ಟೋ ಜನ. ಅದಕ್ಕೇ ಆ ವಿವರಣೆಯನ್ನು ಒಮ್ಮೆ ಚೆನ್ನಾಗಿ ಬರೆದಿಟ್ಟುಕೊಂಡಿದ್ದೇನೆ, ಪ್ರತಿ ಸಲ ಅದನ್ನೇ ಅಂಟಿಸುತ್ತೇನೆ. ಕನ್ನಡಕ್ಕೆ ದುಡಿಯುವವರು ಬೆರಳೆಣಿಕೆಯಷ್ಟು. ಒಬ್ಬರು ಮುನಿಸಿಕೊಂಡು ಹೋದರೆ ಎಷ್ಟೋ ಮೆನುಗಳು ಇಂಗ್ಲಿಷಿನಲ್ಲೇ ಉಳಿಯುತ್ತವೆ.

ಖಾರವಾಗಿ ಬೈದರೇ ಗುಣಮಟ್ಟ ಉಳಿಯುವುದು ಎನ್ನುವವರಿದ್ದಾರೆ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಅನ್ನು ಆರಂಭಿಸಿದ ಲೀನಸ್ ಟೊರ್ವಾಲ್ಡ್ಸ್ ಅವರ ಬಿರುನುಡಿಯನ್ನೇ ಉದಾಹರಣೆ ಕೊಡುತ್ತಾರೆ. ಆದರೆ 2018ರ ಸೆಪ್ಟೆಂಬರಿನಲ್ಲಿ ಅದೇ ಟೊರ್ವಾಲ್ಡ್ಸ್ ತಮ್ಮ ಮಾತಿನಿಂದ ನೊಂದವರ ಕ್ಷಮೆ ಕೇಳಿ, ಕೆಲಕಾಲ ಕೆಲಸದಿಂದ ಬಿಡುವು ಪಡೆದರು. ಕರ್ನಲ್‌ನ 4.19 ಆವೃತ್ತಿಯನ್ನು ಅವರ ಬದಲು ಸಹೋದ್ಯೋಗಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಹೊರತಂದರು. ಕರ್ನಲ್‌ಗೆ ಹೊಸ ನಡತೆ ಸಂಹಿತೆ ಬಂದದ್ದೂ ಆಗಲೇ. ಹಾಗೆಂದು ಗುಣಮಟ್ಟ ಸಡಿಲವಾಗಲಿಲ್ಲ: ಅಲ್ಲಿ ಪ್ಯಾಚ್ ಒಪ್ಪಿಸುವುದು ಇವತ್ತಿಗೂ ಸುಲಭವಲ್ಲ.

ನೀವು ಹೊಸ ಬ್ರಾಂಚ್ (ಕೋಡಿನ ಪ್ರತ್ಯೇಕ ಕವಲು) ಮಾಡಿ ಆ ಒಂದು ಸಾಲನ್ನಷ್ಟೇ ಕಳಿಸಿ. ‘ಫಾರ್ಮ್ಯಾಟ್ ಬದಲಾವಣೆ ತೆಗೆದಿದ್ದೇನೆ’ ಎಂದು ಬರೆದರೆ ಸಾಕು, ಬೈಗುಳಕ್ಕೆ ಉತ್ತರ ಕೊಡಬೇಡಿ. ಅವರ ನಡತೆ ಸಂಹಿತೆಯಲ್ಲಿ ದೂರು ಕೊಡುವ ವಿಳಾಸವಿದ್ದರೆ ಆ ಮಾತನ್ನು ಅಲ್ಲಿಗೆ ಕಳಿಸಿ. ಅದು ನಿಮ್ಮ ಹಕ್ಕು. ಮತ್ತೆ ಅದೇ ರಾಗವಾದರೆ ಆ ಯೋಜನೆ ಬಿಡಿ, ಪ್ರೋಗ್ರಾಮಿಂಗ್ ಬಿಡಬೇಡಿ. ಮುಂದಿನದನ್ನು ಆರಿಸುವಾಗ ಹೊಸಬರು ಕಳಿಸಿ ತಿರಸ್ಕೃತವಾದ ಪುಲ್ ರಿಕ್ವೆಸ್ಟ್‌ಗಳನ್ನು ತೆರೆದು, ಬೇಡ ಎನ್ನುವಾಗ ಅಲ್ಲಿಯವರು ಹೇಗೆ ಬರೆಯುತ್ತಾರೆ ಎಂದು ಓದಿ ನೋಡಿ.