ಕಾಲೇಜು ಫುಟ್‌ಬಾಲ್ ಅರ್ಥವಾಗಲು ಯಾವ ಸೀಸನ್ ನೋಡಬೇಕು? ಎಲ್‌ಎಸ್‌ಯು, 2019

ಓದಲೆಂದು ಅಮೆರಿಕದ ದಕ್ಷಿಣದ ಊರೊಂದಕ್ಕೆ ಬಂದಿರುವ ನೀವು, ಶನಿವಾರ ಬಂತೆಂದರೆ ಊರಿಗೆ ಊರೇ ಕಾಲೇಜು ಹುಡುಗರ ಫುಟ್‌ಬಾಲ್ ಪಂದ್ಯಕ್ಕೆ ಮುಗಿಬೀಳುವುದೇಕೆ, ಅದು ಅರ್ಥವಾಗಬೇಕಾದರೆ ಯಾವ ತಂಡದ ಯಾವ ಸೀಸನ್ ನೋಡಬೇಕು ಎಂದು ಕೇಳಿದ್ದೀರಿ. ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿಯ, ಅಂದರೆ ಎಲ್ಲರೂ ಎಲ್‌ಎಸ್‌ಯು ಎಂದು ಕರೆಯುವ ತಂಡದ 2019ರ ಸೀಸನ್ ನೋಡಿ ಎನ್ನುತ್ತೇನೆ. ಆ ವರ್ಷ ನಾನು ಎಲ್‌ಎಸ್‌ಯು ಇರುವ ಬ್ಯಾಟನ್ ರೂಜ್‌ನಲ್ಲಿ ವಿದ್ಯಾರ್ಥಿಯಾಗಿದ್ದೆ, ಅದನ್ನು ಹತ್ತಿರದಿಂದ ಕಂಡೆ.

ಇದು ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಈ ಆಟದ ಸೀಸನ್ ಬಹಳ ಚಿಕ್ಕದು. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಒಂದು ತಂಡಕ್ಕೆ ಸಿಗುವುದು 12 ಪಂದ್ಯಗಳು ಮಾತ್ರ. ನಮ್ಮ ಆರ್‌ಸಿಬಿ 2024ರಲ್ಲಿ ಮೊದಲ 8 ಪಂದ್ಯಗಳಲ್ಲಿ 7 ಸೋತ ಮೇಲೂ ಪ್ಲೇಆಫ್ ತಲುಪಿತು. 2019ರ ಕಾಲೇಜು ಫುಟ್‌ಬಾಲ್‌ನಲ್ಲಿ ಹಾಗೆ ಸೋತವರಿಗೆ ದಾರಿಯೇ ಇರಲಿಲ್ಲ. ಇಡೀ ದೇಶದಿಂದ ಆಗ ಪ್ಲೇಆಫ್‌ಗೆ ಆಯ್ಕೆಯಾಗುತ್ತಿದ್ದುದು ನಾಲ್ಕೇ ತಂಡಗಳು. ಒಂದು ಸೋಲು ಎಂದರೆ ಎದೆ ನಡುಗುತ್ತಿತ್ತು, ಎರಡಾದರೆ ಕನಸು ಬಹುತೇಕ ಮುಗಿದಂತೆಯೇ. 2024ರಿಂದ ಆ ಸಂಖ್ಯೆ 12ಕ್ಕೆ ಏರಿದೆ, ಆದರೂ ಶನಿವಾರದ ತೂಕ ಹೆಚ್ಚೇನೂ ಇಳಿದಿಲ್ಲ.

ಎಲ್‌ಎಸ್‌ಯುಗೆ ಇದರ ಜೊತೆಗೆ ಇನ್ನೊಂದು ನೋವಿತ್ತು. ಅಲಬಾಮಾ ತಂಡದ ಎದುರು ಅದು ಸತತವಾಗಿ ಎಂಟು ಬಾರಿ ಸೋತಿತ್ತು. 2012ರ ಜನವರಿಯಲ್ಲಿ ತನ್ನದೇ ರಾಜ್ಯದ ನ್ಯೂ ಆರ್ಲಿಯನ್ಸ್‌ನಲ್ಲಿ, ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆದ ಪಂದ್ಯದಲ್ಲಿ 21-0 ಅಂತರದಿಂದ ಸೋತಲ್ಲಿಂದ ಅದು ಶುರುವಾಯಿತು. 2018ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ತನ್ನ ಟೈಗರ್ ಸ್ಟೇಡಿಯಂನಲ್ಲೇ 29-0. ಆ ರಾತ್ರಿ ಒಂದೂ ಅಂಕ ಗಳಿಸಲಾಗದ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಆಟಗಾರ, ಜೋ ಬರೋ. ಒಹಾಯೊ ಸ್ಟೇಟ್‌ನಲ್ಲಿ ಮೊದಲ ಆಯ್ಕೆಯ ಸ್ಥಾನ ಸಿಗದೆ, ಅದೇ ವರ್ಷ ಬ್ಯಾಟನ್ ರೂಜ್‌ಗೆ ಬಂದಿದ್ದ ಹುಡುಗ.

ಮುಂದಿನ ವರ್ಷ ಆದದ್ದನ್ನು ಅಂಕಿ ಅಂಶಗಳೇ ಹೇಳುತ್ತವೆ. ಚೆಂಡಿನೊಂದಿಗೆ ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ಗಳಿಸುವುದೇ ಟಚ್‌ಡೌನ್. 2018ರಲ್ಲಿ ಬರೋ ಎಸೆದ ಟಚ್‌ಡೌನ್ ಪಾಸ್‌ಗಳು 16, 2019ರಲ್ಲಿ 60. ಅವನ ಎಸೆತಗಳಲ್ಲಿ ನೂರಕ್ಕೆ 76ಕ್ಕೂ ಹೆಚ್ಚು ಜೊತೆಗಾರರ ಕೈ ಸೇರಿದವು. ನ್ಯೂ ಆರ್ಲಿಯನ್ಸ್ ಸೇಂಟ್ಸ್ ಎಂಬ ವೃತ್ತಿಪರ ತಂಡದಿಂದ ಬಂದ ಯುವ ತರಬೇತುದಾರ ಜೋ ಬ್ರೇಡಿ ಮತ್ತು ಹಿರಿಯ ಸ್ಟೀವ್ ಎನ್ಸ್‌ಮಿಂಗರ್ ಸೇರಿ ಆಟದ ಕ್ರಮವನ್ನೇ ಬದಲಿಸಿದ್ದರು. ಚೆಂಡು ಹಿಡಿದು ಗುಂಪಿನೊಳಗೆ ನುಗ್ಗುವ ಹಳೆಯ ಪದ್ಧತಿಯನ್ನೇ ನೆಚ್ಚಿಕೊಳ್ಳದೆ, ಎಸೆತ ಹಿಡಿಯುವ ಐವರನ್ನು ಮೈದಾನದ ಅಗಲಕ್ಕೂ ಹರಡಿ, ಎದುರಾಳಿ ಯಾರನ್ನು ಕಾಯಬೇಕೆಂದು ಯೋಚಿಸುವಷ್ಟರಲ್ಲೇ ಚೆಂಡನ್ನು ಎಸೆದುಬಿಡುವುದು ಹೊಸ ಕ್ರಮ.

ಅದು ನನಗೆ ಮನದಟ್ಟಾದದ್ದು ಸೆಪ್ಟೆಂಬರ್ 7ರಂದು, ಆಸ್ಟಿನ್‌ನಲ್ಲಿ ಟೆಕ್ಸಸ್ ವಿರುದ್ಧದ ಪಂದ್ಯದಲ್ಲಿ. ಈ ಆಟದಲ್ಲಿ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ. ಮೂರರಲ್ಲಿ ಆಗದಿದ್ದರೆ ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ಒದ್ದು ಎದುರಾಳಿಗೆ ಒಪ್ಪಿಸುತ್ತಾರೆ. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಎಲ್‌ಎಸ್‌ಯು 37-31ರಿಂದ ಮುಂದಿತ್ತು, ಮೂರನೆಯ ಅವಕಾಶ, ಬೇಕಾದದ್ದು 17 ಗಜ. ಅಂಥ ಹೊತ್ತಿನಲ್ಲಿ ಹೆಚ್ಚಿನವರು ಗಡಿಯಾರ ಓಡಲೆಂದು ಸುಮ್ಮನೆ ಒಂದು ಓಟ ಓಡುತ್ತಾರೆ. ಟೆಕ್ಸಸ್‌ನವರು ಮೈಮೇಲೆ ಬೀಳುವಂತೆ ನುಗ್ಗಿ ಬಂದಾಗ ಬರೋ ಮುಂದಕ್ಕೊಂದು ಹೆಜ್ಜೆ ಇಟ್ಟು, ಎಡಕ್ಕೆ ಸರಿದು, ಜಸ್ಟಿನ್ ಜೆಫರ್ಸನ್‌ಗೆ ಎಸೆದ. ಜೆಫರ್ಸನ್ ಓಡಿ ಗೆರೆ ದಾಟಿದಾಗ ಅದು 61 ಗಜಗಳ ಟಚ್‌ಡೌನ್ ಆಗಿತ್ತು. ಪಂದ್ಯ 45-38ಕ್ಕೆ ಮುಗಿಯಿತು. ಈ ತಂಡ ಹೆದರುವುದಿಲ್ಲ ಎಂದು ಅಂದೇ ಅನ್ನಿಸಿತು.

ನವೆಂಬರ್ 9ರಂದು ಅಲಬಾಮಾ ವಿರುದ್ಧ, ಅವರದೇ ಊರಾದ ಟಸ್ಕಲೂಸಾದಲ್ಲಿ ಪಂದ್ಯ. ಎರಡೂ ತಂಡಗಳು ಅಲ್ಲಿಯವರೆಗೆ ಸೋತೇ ಇರಲಿಲ್ಲ. ಆ ಮಧ್ಯಾಹ್ನ ಬ್ಯಾಟನ್ ರೂಜ್‌ನ ರಸ್ತೆಗಳು ಗ್ರಹಣದ ಹೊತ್ತಿನಂತೆ ಖಾಲಿಯಾಗಿದ್ದವು. ಅರ್ಧ ಆಟ ಮುಗಿದಾಗ ಎಲ್‌ಎಸ್‌ಯು 33-13ರಿಂದ ಮುಂದಿತ್ತು. ನಮ್ಮ ಕೋಣೆಯಲ್ಲಿ ಕುಣಿದಾಡಬೇಕಿದ್ದ ಊರಿನ ಹುಡುಗರು ಮಾತ್ರ ಬಾಯಿ ಬಿಗಿಹಿಡಿದು ಕೂತಿದ್ದರು. ಎಂಟು ಸೋಲು ಉಂಡವರಿಗೆ 20 ಅಂಕಗಳ ಮುನ್ನಡೆಯೂ ಸಾಲದು. ಅವರ ಭಯ ಸುಳ್ಳಾಗಲಿಲ್ಲ, ಅಲಬಾಮಾ ಮತ್ತೆ ಮತ್ತೆ ಬೆನ್ನಟ್ಟಿ ಬಂತು. ಅಂದು ತಂಡವನ್ನು ಕಾದವನು ಬ್ಯಾಟನ್ ರೂಜ್‌ನಲ್ಲೇ ಬೆಳೆದ, ಅಷ್ಟೇನೂ ಎತ್ತರವಿಲ್ಲದ ಕ್ಲೈಡ್ ಎಡ್ವರ್ಡ್ಸ್-ಹೆಲೇರ್. ಇಬ್ಬರು ಮೂವರು ಒಟ್ಟಿಗೆ ಹಿಡಿದರೂ ಕಾಲಾಡಿಸುವುದನ್ನು ನಿಲ್ಲಿಸದೆ ಅವರನ್ನೂ ಎಳೆದುಕೊಂಡು ಒಂದೆರಡು ಗಜ ಸಾಗುತ್ತಿದ್ದ. ಒಬ್ಬನೇ ನಾಲ್ಕು ಟಚ್‌ಡೌನ್ ಗಳಿಸಿದ. ಕೊನೆಗೆ 46-41. ನನ್ನ ಪಕ್ಕದಲ್ಲಿದ್ದ ಸಹಪಾಠಿ ಕೂಗಲಿಲ್ಲ, ಫೋನ್ ತೆಗೆದು ಅಪ್ಪನಿಗೆ ಕರೆ ಮಾಡಿದ. ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನಿಮ್ಮ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಅದೇ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಡಿಸೆಂಬರ್‌ನಲ್ಲಿ ತಮ್ಮ ವಲಯದ ಫೈನಲ್‌ನಲ್ಲಿ ಜಾರ್ಜಿಯಾ ವಿರುದ್ಧ 37-10, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಬರೋಗೆ, ಅನಂತರ ಪ್ಲೇಆಫ್‌ನ ಸೆಮಿಫೈನಲ್‌ನಲ್ಲಿ ಒಕ್ಲಹೋಮಾ ವಿರುದ್ಧ 63-28. ಆ ಒಕ್ಲಹೋಮಾ ಪಂದ್ಯದ ದಿನವೇ ಎನ್ಸ್‌ಮಿಂಗರ್ ಅವರ ಸೊಸೆ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಸುದ್ದಿ ತಿಳಿದ ಮೇಲೂ ಅವರು ತಮ್ಮ ಜಾಗದಲ್ಲಿ ಕೂತು ಹುಡುಗರನ್ನು ಆಡಿಸಿದರು. 2020ರ ಜನವರಿ 13ರಂದು ರಾಷ್ಟ್ರೀಯ ಪ್ರಶಸ್ತಿಯ ಪಂದ್ಯ. 21-0 ಸೋಲು ಕಂಡಿದ್ದ ಅದೇ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ, ಸತತ 29 ಪಂದ್ಯ ಗೆದ್ದು ಬಂದಿದ್ದ ಕ್ಲೆಮ್‌ಸನ್ ತಂಡವನ್ನು 42-25ರಿಂದ ಮಣಿಸಿ, ಎಲ್‌ಎಸ್‌ಯು 15ಕ್ಕೆ 15 ಗೆದ್ದಿತು.

ಏಪ್ರಿಲ್‌ನಲ್ಲಿ ಆ ತಂಡದ 14 ಮಂದಿಯನ್ನು ವೃತ್ತಿಪರ ತಂಡಗಳು ಆರಿಸಿಕೊಂಡವು, ಮೊಟ್ಟಮೊದಲ ಆಯ್ಕೆ ಬರೋ. ಮುಂದಿನ ಸೀಸನ್‌ನಲ್ಲಿ ಎಲ್‌ಎಸ್‌ಯು 5 ಗೆದ್ದು 5 ಸೋತಿತು. ಕಾಲೇಜು ತಂಡದ ಆಯಸ್ಸು ಅಷ್ಟೇ. ಅದೇ ಹುಡುಗರು ಮತ್ತೊಮ್ಮೆ ಒಟ್ಟಿಗೆ ಆಡುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿರುವುದರಿಂದಲೇ ಒಂದು ಶನಿವಾರವನ್ನೂ ಅವರು ಬಿಟ್ಟುಕೊಡುವುದಿಲ್ಲ.

ಎಲ್ಲ ಪಂದ್ಯಗಳನ್ನು ನೋಡಲು ಬಿಡುವಿಲ್ಲದಿದ್ದರೆ 2018ರ ಅಲಬಾಮಾ ಪಂದ್ಯದ ಮುಖ್ಯಾಂಶಗಳನ್ನು ನೋಡಿ, ಆಮೇಲೆ 2019ರದ್ದನ್ನು ಪೂರ್ತಿ ನೋಡಿ. ಇನ್ನೊಂದು ಮಾತು: ನಿಮ್ಮ ತಂಡಕ್ಕೆ ಯಾವ ತಂಡವನ್ನು ಕಂಡರೆ ಆಗದು ಎಂದು ಕ್ಯಾಂಪಸ್‌ನಲ್ಲಿ ಯಾರನ್ನಾದರೂ ಕೇಳಿ ತಿಳಿದು, ಆ ಪಂದ್ಯಕ್ಕೆ ವಿದ್ಯಾರ್ಥಿಗಳ ಟಿಕೆಟ್ ಬಿಟ್ಟ ದಿನವೇ ತೆಗೆದುಕೊಳ್ಳಿ.