ಒಂದೇ ಅಂಗಳದ ಕಾರು, ಬೈಕು, ವಿಮಾನ

ಹಾಸನದಿಂದ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಬರೆದಿದ್ದಾರೆ: “ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ಬ್ರೂಕ್‌ಲ್ಯಾಂಡ್ಸ್ ಮ್ಯೂಸಿಯಂಗೆ ಕರೆದುಕೊಂಡು ಹೋದರು. ಅದರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿಯೇ ಹೋಗಿದ್ದೆ. ಸಾಲಾಗಿ ನಿಲ್ಲಿಸಿದ ಹಳೆಯ ರೇಸ್ ಕಾರು, ಬೈಕು, ಜೊತೆಗೆ ಬಾಂಬ್ ಹಾಕುವ ವಿಮಾನ. ಒಂದು ಕಡೆ ಶ್ರೀಮಂತರ ಶೋಕಿ, ಇನ್ನೊಂದು ಕಡೆ ಜನರನ್ನು ಕೊಲ್ಲುವ ಯಂತ್ರ. ಇದರಲ್ಲಿ ಮೆಚ್ಚುವಂಥದ್ದೇನಿದೆ? ಅಷ್ಟು ಪುಟ ಯಾಕೆ ಕೊಟ್ಟಿರಿ? ರಜೆಗೆ ಬರುವ ಮೊಮ್ಮಗ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂ ತೋರಿಸು ಅನ್ನುತ್ತಿದ್ದಾನೆ. ತೋರಿಸಿ ಏನಾದರೂ ಪ್ರಯೋಜನ ಉಂಟೆ?”

ಮೇಷ್ಟ್ರೇ, ನಮಸ್ಕಾರ.

ಶೋಕಿ ಎಂದಿರಿ. ಶುರುವಾದದ್ದು ಹಾಗೆಯೇ, ಅನುಮಾನವಿಲ್ಲ. ಹ್ಯೂ ಲಾಕ್ ಕಿಂಗ್ ಎಂಬ ಜಮೀನ್ದಾರರು ಸರ್ರೆಯ ವೇಬ್ರಿಜ್ ಹತ್ತಿರದ ತಮ್ಮ ಜಮೀನಿನಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬ ಈ ಕಾಂಕ್ರೀಟ್ ರೇಸ್ ಟ್ರ್ಯಾಕ್ ಕಟ್ಟಿಸಿ 1907ರ ಜೂನ್ 17ರಂದು ತೆರೆದರು. ಒಂದು ಸುತ್ತಿಗೆ ಸುಮಾರು 4.4 ಕಿಲೋಮೀಟರ್, ಅಗಲ 100 ಅಡಿ. ತಿರುವುಗಳಲ್ಲಿ ನೆಲವೇ ಓರೆಯಾಗಿ 30 ಅಡಿಯ ಹತ್ತಿರಕ್ಕೆ ಏಳುತ್ತದೆ. ಖರ್ಚು ಕೈಮೀರಿ ಅವರು ದಿವಾಳಿಯಾಗುವ ಹಂತಕ್ಕೆ ಬಂದಾಗ ಪತ್ನಿ ಎಥೆಲ್ ಮುಂದೆ ಬಂದು ವ್ಯವಹಾರ ಉಳಿಸಿದರು. ಆಗ ಬ್ರಿಟನ್ನಿನ ರಸ್ತೆಗಳಲ್ಲಿ ವೇಗದ ಮಿತಿ ಗಂಟೆಗೆ 20 ಮೈಲಿ. ತಮ್ಮ ಗಾಡಿ ಎಷ್ಟು ಹೊತ್ತು ತಡೆದೀತು, ಎಲ್ಲಿ ಕೈಕೊಟ್ಟೀತು ಎಂದು ಪರೀಕ್ಷಿಸುವುದಕ್ಕೆ ತಯಾರಕರಿಗೆ ಜಾಗವೇ ಇರಲಿಲ್ಲ. ಟ್ರ್ಯಾಕ್ ತೆರೆದ ಅದೇ ತಿಂಗಳ ಕೊನೆಯಲ್ಲಿ ಸೆಲ್ವಿನ್ ಎಡ್ಜ್ ನೇಪಿಯರ್ ಕಾರನ್ನು 24 ಗಂಟೆ ಓಡಿಸಿ ಸರಾಸರಿ 65 ಮೈಲಿಗೂ ಹೆಚ್ಚಿನ ವೇಗ ಸಾಧಿಸಿದರು. ರಾತ್ರಿ ದಾರಿ ಕಾಣಲೆಂದು ಟ್ರ್ಯಾಕಿನುದ್ದಕ್ಕೂ ಕೆಂಪು ಲಾಂದ್ರ ಹಚ್ಚಿಟ್ಟಿದ್ದರು. ಗದ್ದಲ ತಾಳಲಾರದೆ ಅಕ್ಕಪಕ್ಕದವರು ಕೋರ್ಟಿಗೆ ಹೋದರು, ರಾತ್ರಿ ಓಟ ನಿಂತಿತು. ಅದಕ್ಕೇ ಮುಂದೆ ಅಲ್ಲಿನ 24 ಗಂಟೆಯ ರೇಸನ್ನು ಹಗಲು 12 ಗಂಟೆಯಂತೆ ಎರಡು ದಿನಕ್ಕೆ ಹಂಚಬೇಕಾಯಿತು.

ಆ ಅಂಗಳಕ್ಕೆ ವಿಮಾನ ಬಂದದ್ದೂ ಬಹಳ ತಡವಾಗಿಯೇನಲ್ಲ. ಟ್ರ್ಯಾಕ್ ತೆರೆದ ವರ್ಷವೇ ಎ. ವಿ. ರೋ ತಮ್ಮ ಮೊದಲ ವಿಮಾನವನ್ನು ಹಾರಿಸಿ ನೋಡಲು ಅಲ್ಲಿಗೆ ತಂದರು. 1915ರಲ್ಲಿ ವಿಕರ್ಸ್ ಕಂಪನಿ ಅಲ್ಲೇ ವಿಮಾನ ಕಾರ್ಖಾನೆ ಹೂಡಿತು. ನೀವು ಕಾರು, ಬೈಕು, ವಿಮಾನವನ್ನು ಮೂರು ಬೇರೆ ಬೇರೆ ಸಾಲುಗಳಾಗಿ ನೋಡಿಕೊಂಡು ಬಂದಿದ್ದೀರಿ ಎಂದು ನಿಮ್ಮ ಪತ್ರ ಓದಿದರೆ ಅನ್ನಿಸುತ್ತದೆ. ನಾವು ಪುಟ ಕೊಟ್ಟದ್ದು ಅವು ಮೂರೂ ಒಂದೇ ಕಸುಬು ಎಂಬ ಕಾರಣಕ್ಕೆ.

ಅಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಭಾರಿ ಕಾರೊಂದನ್ನು ನೀವು ಖಂಡಿತ ನೋಡಿರುತ್ತೀರಿ. ಅದು ನೇಪಿಯರ್-ರೈಲ್ಟನ್. ರೇಸುಗಾರ ಜಾನ್ ಕಾಬ್ ಅವರಿಗಾಗಿ ರೀಡ್ ರೈಲ್ಟನ್ ವಿನ್ಯಾಸ ಮಾಡಿದ ಈ ಕಾರು 1933ರಲ್ಲಿ ಬ್ರೂಕ್‌ಲ್ಯಾಂಡ್ಸಿನ ವರ್ಕ್‌ಶಾಪಿನಲ್ಲೇ ತಯಾರಾಯಿತು. ಅದರ ಬಾನೆಟ್ಟಿನ ಕೆಳಗಿರುವುದು ವಿಮಾನದ ಎಂಜಿನ್, ನೇಪಿಯರ್ ಲಯನ್. ಸುಮಾರು 24 ಲೀಟರ್, 12 ಸಿಲಿಂಡರ್. ನಾಲ್ಕು ನಾಲ್ಕರ ಮೂರು ಸಾಲು. ಇಷ್ಟು ದೈತ್ಯನಿಗೆ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. 1935ರ ಅಕ್ಟೋಬರ್ 7ರಂದು ಕಾಬ್ ಇದರಲ್ಲಿ ಗಂಟೆಗೆ 143.44 ಮೈಲಿ ವೇಗದಲ್ಲಿ ಒಂದು ಸುತ್ತು ಮುಗಿಸಿದರು. ಮುಂದೆ ಯುದ್ಧ ಬಂದು ಟ್ರ್ಯಾಕೇ ಮುಚ್ಚಿದ್ದರಿಂದ ಆ ದಾಖಲೆ ಇನ್ನು ಯಾರೂ ಮುರಿಯಲಾಗದ ದಾಖಲೆ. ವೇ ನದಿಯ ಮೇಲಿನ ಸೇತುವೆ ಕುಸಿದು ಅಲ್ಲಿ ಟ್ರ್ಯಾಕಿಗೆ ಒಂದು ಉಬ್ಬು ಬಂದಿತ್ತು. ಆ ಉಬ್ಬು ದಾಟುವಾಗ ನಾಲ್ಕೂ ಚಕ್ರ ನೆಲ ಬಿಟ್ಟ ಕಾರುಗಳ ಫೋಟೋಗಳಿವೆ. ಯುದ್ಧ ಮುಗಿದ ಮೇಲೆ ಇದೇ ಕಾರನ್ನು ಏನಕ್ಕೆ ಬಳಸಿದರು ಗೊತ್ತೆ? ಇಳಿಯುವ ವಿಮಾನದ ವೇಗ ತಗ್ಗಿಸುವ ಪ್ಯಾರಾಚೂಟ್‌ಗಳನ್ನು ಪರೀಕ್ಷಿಸಲು! ವಿಮಾನದ ಎಂಜಿನ್ ಕಾರಿಗೆ ಬಂತು, ಆ ಕಾರು ಮತ್ತೆ ವಿಮಾನದ ಕೆಲಸಕ್ಕೆ ಹೋಯಿತು. ಇವತ್ತಿಗೂ ಅದನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಂಡಿದ್ದಾರೆ.

ಕಾಬ್ ದಾಖಲೆ ಮಾಡಿ ಒಂದು ತಿಂಗಳು ತುಂಬುವ ಮೊದಲೇ, ನವೆಂಬರ್ 6ರಂದು, ಹಾಕರ್ ಹರಿಕೇನ್ ಯುದ್ಧವಿಮಾನ ಮೊದಲ ಸಲ ಹಾರಿದ್ದು ಬ್ರೂಕ್‌ಲ್ಯಾಂಡ್ಸಿನಿಂದಲೇ. 1944ರಲ್ಲಿ ಇಂಫಾಲದ ಕಾಳಗದಲ್ಲಿ ಅರ್ಜನ್ ಸಿಂಗ್ ನೇತೃತ್ವದ ನಮ್ಮ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಹಾರಿಸಿದ್ದು ಇದೇ ಹರಿಕೇನ್‌ಗಳನ್ನು. ಆದರೆ ಆ ವಿಮಾನದ ಮೆರ್ಲಿನ್ ಎಂಜಿನ್ನಿಗೆ ಒಂದು ಕಾಯಿಲೆ ಇತ್ತು. ಪೈಲಟ್ ಮೂಗು ತಟ್ಟನೆ ಕೆಳಗೆ ಮಾಡಿದರೆ ಕಾರ್ಬ್ಯುರೇಟರಿನ (ಇಂಧನಕ್ಕೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಪೆಟ್ರೋಲು ಮೇಲಕ್ಕೆ ಚಿಮ್ಮಿ, ಮೊದಲು ಎಂಜಿನ್ನಿಗೆ ಇಂಧನ ಸಿಗದೆ ಮುಗ್ಗರಿಸುತ್ತಿತ್ತು, ಮರುಕ್ಷಣ ವಿಪರೀತ ಇಂಧನ ನುಗ್ಗಿ ಬಂದ್ ಆಗುತ್ತಿತ್ತು. ಜರ್ಮನ್ನರ ಮೆಸರ್‌ಸ್ಮಿಟ್ ಯುದ್ಧವಿಮಾನಗಳಲ್ಲಿ ನೇರವಾಗಿ ಸಿಲಿಂಡರಿಗೇ ಇಂಧನ ಚಿಮ್ಮಿಸುವ ವ್ಯವಸ್ಥೆ ಇದ್ದುದರಿಂದ ಅವು ಸಲೀಸಾಗಿ ಮೂಗು ತಗ್ಗಿಸಿ ತಪ್ಪಿಸಿಕೊಳ್ಳುತ್ತಿದ್ದವು. ಪೂರ್ತಿ ಹೊಸ ಕಾರ್ಬ್ಯುರೇಟರ್ ಬರುವ ತನಕ ಕಾಯುವ ಹಾಗಿರಲಿಲ್ಲ. ಫಾರ್ನ್‌ಬರೋದ ಸರ್ಕಾರಿ ವಿಮಾನ ಸಂಶೋಧನಾ ಕೇಂದ್ರದಲ್ಲಿ ಎಂಜಿನಿಯರ್ ಆಗಿದ್ದ ಬಿಯಾಟ್ರಿಸ್ ಶಿಲ್ಲಿಂಗ್ 1941ರಲ್ಲಿ ಒಂದು ಉಪಾಯ ಹೂಡಿದರು. ನಡುವೆ ತೂತಿರುವ ಒಂದು ಪುಟ್ಟ ಲೋಹದ ತುಂಡು. ಎಂಜಿನ್ ಪೂರ್ಣ ಶಕ್ತಿಯಲ್ಲಿ ಓಡುವಾಗ ಎಷ್ಟು ಇಂಧನ ಬೇಕೋ ಅಷ್ಟು ಮಾತ್ರ ಆ ತೂತಿನಲ್ಲಿ ಹಾಯುತ್ತದೆ, ಅದಕ್ಕಿಂತ ಹೆಚ್ಚು ನುಗ್ಗುವ ಹಾಗಿಲ್ಲ. ಅದನ್ನು ಕೂರಿಸುವುದಕ್ಕೆ ವಿಮಾನವನ್ನು ಕೆಲಸದಿಂದ ಬಿಡಿಸಿ ನಿಲ್ಲಿಸಬೇಕಾಗಿರಲಿಲ್ಲ.

ಈ ಶಿಲ್ಲಿಂಗ್ ಬ್ರೂಕ್‌ಲ್ಯಾಂಡ್ಸಿನ ಬೈಕ್ ರೇಸುಗಾರ್ತಿ. ತಮ್ಮ ನಾರ್ಟನ್ ಬೈಕನ್ನು ತಾವೇ ಬಿಚ್ಚಿ ಜೋಡಿಸಿ, 1934ರಲ್ಲಿ ಅದೇ ಟ್ರ್ಯಾಕಿನಲ್ಲಿ 100 ಮೈಲಿ ವೇಗ ದಾಟಿ ಗೋಲ್ಡ್ ಸ್ಟಾರ್ ಪಡೆದವರು. ರೇಸಿನಲ್ಲಿ ಆ ವೇಗಕ್ಕೆ ಒಂದು ಸುತ್ತು ಮುಗಿಸಿದವರಿಗೆ ಕೊಡುತ್ತಿದ್ದ ಪುಟ್ಟ ಬಿಲ್ಲೆ ಅದು. ನಮ್ಮಲ್ಲೂ ಬೈಕ್ ಪ್ರಿಯರು ಆಸೆಪಡುವ ಬಿಎಸ್‌ಎ ಗೋಲ್ಡ್ ಸ್ಟಾರ್‌ಗೆ ಆ ಹೆಸರು ಬಂದದ್ದು ಈ ಬಿಲ್ಲೆಯಿಂದಲೇ: 1937ರಲ್ಲಿ ವಾಲ್ ಹ್ಯಾಂಡ್ಲಿ ಬಿಎಸ್‌ಎ ಗಾಡಿಯಲ್ಲಿ ಅದನ್ನು ಗೆದ್ದರು. ಕಾರ್ಬ್ಯುರೇಟರಿನ ಕಷ್ಟಸುಖ ಬೈಕ್ ಬಿಚ್ಚಿ ಕಲಿತ ಕೈಗೆ ಗೊತ್ತಿರುತ್ತದೆ. ಶಿಲ್ಲಿಂಗ್ ಅವರ ಆ ತೂತಿನ ತುಂಡಿಗೂ ಅವರ ನಾರ್ಟನ್ನಿಗೂ ಸಂಬಂಧವಿಲ್ಲ ಎಂದು ನಾನಂತೂ ಒಪ್ಪಲಾರೆ.

ಇನ್ನು ನಿಮ್ಮ ಎರಡನೆಯ ಮಾತು. ಅಲ್ಲಿರುವ ವೆಲ್ಲಿಂಗ್ಟನ್ ಬಾಂಬರ್ ಕೊಲ್ಲುವುದಕ್ಕೆಂದೇ ಕಟ್ಟಿದ ಯಂತ್ರ, ನಿಜ. ಅಂಥವು 2,500ಕ್ಕೂ ಹೆಚ್ಚು ಅದೇ ಅಂಗಳದಲ್ಲಿ ತಯಾರಾದವು. ಅದೇ ಅಂಗಳದ ಮೇಲೆ 1940ರ ಸೆಪ್ಟೆಂಬರ್ 4ರಂದು ಜರ್ಮನ್ ಬಾಂಬುಗಳು ಬಿದ್ದು ವಿಕರ್ಸ್ ಕಾರ್ಖಾನೆಯ 80ಕ್ಕೂ ಹೆಚ್ಚು ಕೆಲಸಗಾರರು ಸತ್ತರು. ನೀವು ಮ್ಯೂಸಿಯಂನಲ್ಲಿ ನೋಡಿದ ಆ ವೆಲ್ಲಿಂಗ್ಟನ್ನಿನ ಕತೆ ಇನ್ನೂ ಇದೆ. 1940ರ ಕೊನೆಯ ದಿನ ತರಬೇತಿ ಹಾರಾಟದಲ್ಲಿ ಎಂಜಿನ್ ಕೆಟ್ಟು, ಅದು ಸ್ಕಾಟ್‌ಲೆಂಡಿನ ಲಾಖ್ ನೆಸ್ ಸರೋವರದಲ್ಲಿ ಇಳಿಯಿತು. ಮೊದಲೇ ಹಾರಿಕೊಂಡವರಲ್ಲಿ ಹಿಂಬದಿಯ ಗನ್ನರ್‌ನ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳದೆ ಆತ ಸತ್ತ. ಆ ಸರೋವರದಲ್ಲಿದೆ ಎಂದು ಕತೆ ಹೇಳುವ ನೆಸ್ಸಿ ಎಂಬ ದೈತ್ಯ ಪ್ರಾಣಿಯನ್ನು ಹುಡುಕಹೋದವರಿಗೆ 1976ರಲ್ಲಿ ಸೋನಾರ್‌ನಲ್ಲಿ ಈ ವಿಮಾನ ಕಂಡಿತು, 1985ರಲ್ಲಿ ಎತ್ತಿದರು. ಹೊಸ ಬ್ಯಾಟರಿ ಜೋಡಿಸಿದಾಗ ಹಿಂಬದಿಯ ದೀಪ ಹತ್ತಿತು.

ಇದನ್ನು ನೋಡಿ ಬಾಂಬ್ ದಾಳಿಯನ್ನು ಮೆಚ್ಚಿಕೊಳ್ಳಬೇಕಾಗಿಲ್ಲ, ಮೇಷ್ಟ್ರೇ. ಹತ್ತಿರ ಹೋಗಿ ಅದರ ಒಡಲು ನೋಡಿ. ಹೊದಿಕೆ ಕಳಚಿದ್ದರಿಂದ ವಿಕರ್ಸ್ ಎಂಜಿನಿಯರ್ ಬಾರ್ನ್ಸ್ ವಾಲಿಸ್ ಅವರ ವಿನ್ಯಾಸ ಕಣ್ಣಿಗೆ ಕಾಣುತ್ತದೆ: ಅಲ್ಯೂಮಿನಿಯಂ ಮಿಶ್ರಲೋಹದ ಪಟ್ಟಿಗಳು ಬಿದಿರು ಬುಟ್ಟಿಯ ಹೆಣಿಗೆಯಂತೆ ಎರಡು ದಿಕ್ಕಿಗೆ ಓರೆಯಾಗಿ ಹಾಯುತ್ತವೆ. ಮೇಲೆ ಇದ್ದದ್ದು ಬರೀ ಬಟ್ಟೆ. ಒಂದು ಪಟ್ಟಿ ತುಂಡಾದರೆ ಭಾರವನ್ನು ಪಕ್ಕದವು ಹೊರುತ್ತವೆ, ಹಾಗಾಗಿ ಮೈಯೆಲ್ಲ ತೂತಾಗಿಯೂ ಎಷ್ಟೋ ವೆಲ್ಲಿಂಗ್ಟನ್‌ಗಳು ತಮ್ಮ ಸಿಬ್ಬಂದಿಯನ್ನು ಮನೆ ಮುಟ್ಟಿಸಿದವು. ಯುದ್ಧದ ಲೆಕ್ಕ ಬೇರೆ, ಈ ಕಸುಬಿನ ಲೆಕ್ಕ ಬೇರೆ. ಎರಡನ್ನೂ ಕಣ್ಣೆದುರು ಇಟ್ಟುಕೊಂಡು ನೋಡುವುದು ಸಾಧ್ಯ. ಹಾಗೆಯೇ ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಅಲ್ಲಿರುವ, ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದನ್ನು ಎಲ್ಲರೂ ನೋಡಿಯೇ ಬರುತ್ತಾರೆ. ಅದಕ್ಕಿಂತ ಅಲ್ಲಿನ ವೈಕೌಂಟ್ ಪ್ರಯಾಣಿಕ ವಿಮಾನದ ಮುಂದೆ ಒಂದು ಗಳಿಗೆ ನಿಲ್ಲಬೇಕು. 1957ರಿಂದ ಇಂಡಿಯನ್ ಏರ್‌ಲೈನ್ಸ್ ಹಾರಿಸುತ್ತಿದ್ದುದು ಅದೇ ಜಾತಿಯ ವಿಮಾನ.

ಇನ್ನೊಮ್ಮೆ ಹೋಗುವ ಯೋಗ ಬಂದರೆ ಉಳಿದಿರುವ ಓರೆ ಟ್ರ್ಯಾಕಿನ ಮೇಲೆ ಹತ್ತಿ. ವಿಜ್ಞಾನ ಪಾಠ ಮಾಡಿದವರು ನೀವು, ಆ ಕಾಂಕ್ರೀಟನ್ನು ಬುಡದಿಂದ ತುದಿಯವರೆಗೆ ಒಂದೇ ಓರೆಯಲ್ಲಿ ಕಟ್ಟಿಲ್ಲ ಎನ್ನುವುದು ಕಾಲಿಗೇ ಗೊತ್ತಾಗುತ್ತದೆ. ಮೇಲೆ ಹೋದಷ್ಟೂ ಕಡಿದಾಗುತ್ತದೆ, ಒಂದೊಂದು ಎತ್ತರ ಒಂದೊಂದು ವೇಗಕ್ಕೆ ಹೊಂದುವಂತೆ. ತನ್ನ ವೇಗಕ್ಕೆ ತಕ್ಕ ಎತ್ತರದಲ್ಲಿ ಸಾಗುವ ಕಾರಿಗೆ ಟೈರಿನ ಹಿಡಿತದ ಆಸರೆ ಹೆಚ್ಚು ಬೇಡ, ನೆಲವೇ ಅದನ್ನು ಒಳಕ್ಕೆ ತಳ್ಳಿಕೊಂಡು ತಿರುಗಿಸುತ್ತದೆ. ಪರ್ಸಿ ಲ್ಯಾಂಬರ್ಟ್ 1913ರ ಫೆಬ್ರುವರಿಯಲ್ಲಿ ಒಂದೇ ಗಂಟೆಯಲ್ಲಿ 100 ಮೈಲಿ ದಾಟಿದ ಮೊದಲಿಗರಾದದ್ದು ಇಲ್ಲೇ. ಅದೇ ಅಕ್ಟೋಬರಿನಲ್ಲಿ ಟೈರ್ ಸಿಡಿದು ತೀರಿಕೊಂಡದ್ದೂ ಇಲ್ಲೇ.

ಮೊಮ್ಮಗನ ವಿಷಯಕ್ಕೆ ಬರೋಣ. ಎಚ್‌ಎಎಲ್ ಮ್ಯೂಸಿಯಂಗೆ ತಪ್ಪದೆ ಕರೆದುಕೊಂಡು ಹೋಗಿ. 1951ರಲ್ಲಿ ಮೊದಲು ಹಾರಿದ, ಎಚ್‌ಎಎಲ್‌ನ ವಿನ್ಯಾಸಕ ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ ತೋರಿಸಿ. ಆಮೇಲೆ ಮಾರುತ್ ಯುದ್ಧವಿಮಾನದ ಮುಂದೆ ಸಾವಕಾಶವಾಗಿ ನಿಲ್ಲಿ. ಜರ್ಮನ್ ಎಂಜಿನಿಯರ್ ಕುರ್ಟ್ ಟ್ಯಾಂಕ್ ಅವರ ವಿನ್ಯಾಸದಲ್ಲಿ ಬೆಂಗಳೂರಿನಲ್ಲಿ ತಯಾರಾಗಿ 1961ರಲ್ಲಿ ಹಾರಿದ ವಿಮಾನ. ಅದರ ಮೈಕಟ್ಟಿಗೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ, ಹಾಗಾಗಿ ಶಬ್ದದ ವೇಗ ದಾಟಬೇಕೆಂಬ ಉದ್ದೇಶ ಈಡೇರಲಿಲ್ಲ. ಹುಡುಗನನ್ನು ಬಾಲದ ಕಡೆಗೆ ಕರೆದೊಯ್ದು ಎಂಜಿನ್‌ಗಳ ಜಾಗ ತೋರಿಸಿ, ಇಷ್ಟು ಚೆಂದದ ವಿಮಾನಕ್ಕೆ ಯಾಕೆ ಹೀಗಾಯಿತು ಎಂದು ಅವನನ್ನೇ ಕೇಳಿ. ಅವನು ಏನು ಹೇಳಿದ ಎಂದು ನಮಗೆ ಬರೆಯಿರಿ, ಪ್ರಕಟಿಸುತ್ತೇವೆ.

— ಸಂಪಾದಕ