ಹಳೇ ಪೀಟೆಡ್ ಮಾಲ್ಟ್‌ನಲ್ಲಿ ಹೊಗೆ ಎಲ್ಲಿಗೆ ಹೋಯ್ತು?

ಸಿಂಗಲ್ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಡಿಸ್ಟಿಲರಿಯಲ್ಲಿ ಮಾಡಿದ ವಿಸ್ಕಿ) ಬಗ್ಗೆ ಬರುವ ಪತ್ರಗಳಲ್ಲಿ ಕೆಲವು ಪ್ರಶ್ನೆಗಳು ತಪ್ಪದೇ ಬರುತ್ತವೆ. ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಅವೇ ಬರುತ್ತವೆ. ಈ ಸಲ ಅವನ್ನೇ ತೆಗೆದುಕೊಂಡಿದ್ದೇನೆ. ಪೀಟ್ ಅಂದರೆ ಜೌಗು ನೆಲದಿಂದ ಅಗೆದು ಒಣಗಿಸಿ ಉರಿಸುವ ಕೊಳೆತ ಸಸ್ಯದ ಮಣ್ಣು, ಐಲಾ ಅಂದರೆ ಸ್ಕಾಟ್ಲೆಂಡಿನ ಪಶ್ಚಿಮದ ಒಂದು ದ್ವೀಪ. ಅದಕ್ಕಿಂತ ಹೆಚ್ಚು ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ನಮ್ಮ ಭಾವ ಲಂಡನ್‌ನಿಂದ 25 ವರ್ಷದ ಐಲಾ ಮಾಲ್ಟ್ ತಂದರು. ನಾನು ಕುಡಿಯುವ 10 ವರ್ಷದ್ದರಲ್ಲಿ ಇರುವಷ್ಟು ಹೊಗೆ ಇದರಲ್ಲಿ ಇಲ್ಲವೇ ಇಲ್ಲ. ಬೆಲೆ ಮಾತ್ರ ಎಷ್ಟೋ ಪಟ್ಟು ಜಾಸ್ತಿ. ಮೋಸ ಹೋದೆವಾ? ಎರಡನ್ನೂ ಸರಿಯಾಗಿ ಹೋಲಿಸುವುದು ಹೇಗೆ? (ಮೈಸೂರು)

ಮೋಸ ಹೋಗಿಲ್ಲ. ಹಳೆಯದಾದಷ್ಟೂ ಹೊಗೆ ಏರುತ್ತದೆ ಅನ್ನೋದು ಅಂಗಡಿಯವರೂ ವಿಡಿಯೋ ಪಂಡಿತರೂ ಸೇರಿ ಹಬ್ಬಿಸಿರುವ ಸುಳ್ಳು. ಆಗುವುದು ಅದಕ್ಕೆ ಉಲ್ಟಾ.

ಮೊಳಕೆ ಬಂದ ಬಾರ್ಲಿಯನ್ನು ಪೀಟ್ ಬೆಂಕಿಯಲ್ಲಿ ಒಣಗಿಸುವಾಗ ಹೊಗೆ ಒಳಗೆ ಸೇರುತ್ತದೆ. ಹೊಗೆವಾಸನೆ ಕೊಡುವ ಫೀನಾಲ್, ಕ್ರೆಸಾಲ್, ಗ್ವಾಯಕಾಲ್ ಅನ್ನೋ ರಾಸಾಯನಿಕಗಳೆಲ್ಲ ಕಾಳಿನ ಸಿಪ್ಪೆಗೆ ಅಂಟಿಕೊಳ್ಳುವುದು ಆಗಲೇ. ಅಲ್ಲಿಂದ ಮುಂದೆ ಹೊಗೆ ಕಳೆಯುತ್ತಾ ಹೋಗುತ್ತದೆ. ಬಿಸಿನೀರಿನಲ್ಲಿ ನೆನೆಸಿ ಸಿಹಿ ತೆಗೆದಾಗ ಒಂದಿಷ್ಟು ಚರಟದಲ್ಲೇ ಉಳಿಯುತ್ತದೆ. ಭಟ್ಟಿ ಇಳಿಸುವಾಗ ಇನ್ನಷ್ಟು ಹೋಗುತ್ತದೆ. ಪೀಪಾಯಿಯಲ್ಲಿ ವರ್ಷ ಕಳೆದಂತೆ ಉಳಿದದ್ದೂ ಮೆತ್ತಗಾಗುತ್ತದೆ. ಇತ್ತ ಮರದ ಸಿಹಿ, ಹಣ್ಣಿನ ವಾಸನೆ, ಮೇಣದಂಥ ನುಣುಪು ಮೇಲೆ ಬರುತ್ತವೆ. ಹಳೇ ಪೀಟೆಡ್ ಮಾಲ್ಟ್‌ಗೆ ಜನ ದುಡ್ಡು ಕೊಡುವುದು ಇದಕ್ಕೇ. ಹೊಗೆಯೇ ಬೇಕು ಅನ್ನುವವರು 8-10 ವರ್ಷದ್ದನ್ನು ಕೊಳ್ಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇದನ್ನು ಐಲಾದ ಆರ್ಡ್‌ಬೆಗ್ ಡಿಸ್ಟಿಲರಿ ಬಾಟಲಿಗಳಲ್ಲೇ ತೋರಿಸಿಕೊಟ್ಟಿದೆ. 1997ರಲ್ಲಿ ಅದನ್ನು ಗ್ಲೆನ್‌ಮೊರಾಂಜಿ ಕಂಪನಿ ಕೊಂಡಿತು. 1998ರಲ್ಲಿ ಇಳಿಸಿದ ಸ್ಪಿರಿಟ್ಟಿಗೆ 10 ವರ್ಷ ತುಂಬುವವರೆಗೆ ಸುಮ್ಮನಿರದೆ ನಡುನಡುವೆ ಬಾಟಲಿ ಮಾಡಿತು. 2004ರಲ್ಲಿ ವೆರಿ ಯಂಗ್, 2006ರಲ್ಲಿ ಸ್ಟಿಲ್ ಯಂಗ್, 2007ರಲ್ಲಿ ಆಲ್ಮೋಸ್ಟ್ ದೇರ್, 2008ರಲ್ಲಿ ರಿನೈಸಾನ್ಸ್. ಮೊದಲನೆಯದರಲ್ಲಿ ಹಸಿ ಹೊಗೆ, ಟಾರು, ನಿಂಬೆ. ಕೊನೆಯದಕ್ಕೆ ಬರುವಷ್ಟರಲ್ಲಿ ಹೊಗೆಗೆ ವೆನಿಲ್ಲಾ ಸಿಹಿಯ ಹೊದಿಕೆ ಬಂದಿದೆ. ಹತ್ತೇ ವರ್ಷದೊಳಗೆ ಇಷ್ಟು ಬದಲಾಗುವುದಾದರೆ ಇಪ್ಪತ್ತೈದಕ್ಕೆ ಎಷ್ಟಾಗಬೇಡ?

ಇನ್ನು ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಫೀನಾಲ್ ಎಷ್ಟು ಭಾಗ ಅನ್ನೋ ಲೆಕ್ಕ. ಈ ಸಂಖ್ಯೆ ಹಿಡಿದುಕೊಂಡು ವಾದ ಮಾಡುವವರನ್ನು ಕಂಡರೆ ನನಗೆ ರೇಗುತ್ತದೆ. ಆರ್ಡ್‌ಬೆಗ್ 55, ಆಕ್ಟೊಮೋರ್ ಅನ್ನೋ ಇನ್ನೊಂದು ಐಲಾ ವಿಸ್ಕಿಯ ಒಂದು ಬಾಟಲಿ 300ಕ್ಕೂ ಮೇಲೆ, ಹಾಗಾದರೆ ಅದು ಆರು ಪಟ್ಟು ಹೊಗೆ ಅನ್ನುತ್ತಾರೆ. ಆ ಅಳತೆ ಒಣಗಿಸಿದ ಮಾಲ್ಟ್‌ನದು, ನಿಮ್ಮ ಲೋಟದಲ್ಲಿರುವ ವಿಸ್ಕಿಯದಲ್ಲ. ಐಲಾದ ಎರಡು ಡಿಸ್ಟಿಲರಿಗಳಾದ ಲಗವೂಲಿನ್‌ಗೂ ಕಲ್ ಈಲಾಗೂ ಪೀಟೆಡ್ ಮಾಲ್ಟ್ ಬರುವುದು ಪೋರ್ಟ್ ಎಲೆನ್ ಮಾಲ್ಟಿಂಗ್ಸ್ ಅನ್ನೋ ಒಂದೇ ಮಾಲ್ಟ್ ಕಾರ್ಖಾನೆಯಿಂದ, ಹೆಚ್ಚುಕಡಿಮೆ 35 ಪಿಪಿಎಂನದ್ದು. ಕುಡಿದು ನೋಡಿ, ಲಗವೂಲಿನ್ ಗಟ್ಟಿ, ಭಾರ. ಕಲ್ ಈಲಾ ಹಗುರ, ಶುಭ್ರ, ಉಪ್ಪುಗಾಳಿ. ಸ್ಟಿಲ್‌ನ (ಭಟ್ಟಿ ಪಾತ್ರೆಯ) ಆಕಾರ, ಅದನ್ನು ಎಷ್ಟು ತುಂಬಿಸುತ್ತಾರೆ, ಇಳಿಯುವ ಸ್ಪಿರಿಟ್ಟನ್ನು ಯಾವಾಗ ಕತ್ತರಿಸುತ್ತಾರೆ (ಅಂದರೆ ಹಿಡಿದಿಡುವುದನ್ನು ಯಾವಾಗ ನಿಲ್ಲಿಸುತ್ತಾರೆ), ಎಲ್ಲ ಲೆಕ್ಕಕ್ಕೆ ಬರುತ್ತದೆ. ಭಾರದ ಫೀನಾಲ್‌ಗಳು ಕೊನೆಯಲ್ಲಿ ಇಳಿಯುತ್ತವೆ. ತಡವಾಗಿ ಕತ್ತರಿಸಿದವರಿಗೆ ಅವು ಜಾಸ್ತಿ ಸಿಗುತ್ತವೆ.

ಲಗವೂಲಿನ್ ಒಡೆಯ ಪೀಟರ್ ಮ್ಯಾಕಿ ಇದನ್ನು ಕಷ್ಟಪಟ್ಟು ಕಲಿತರು. ಪಕ್ಕದ ಲಫ್ರಾಯ್ಗ್‌ನ ವಿಸ್ಕಿ ಮಾರುವ ಹಕ್ಕು ಕೈತಪ್ಪಿದಾಗ, 1908ರಲ್ಲಿ ತಮ್ಮ ಅಂಗಳದಲ್ಲೇ ಮಾಲ್ಟ್ ಮಿಲ್ ಅಂತ ಇನ್ನೊಂದು ಡಿಸ್ಟಿಲರಿ ಕಟ್ಟಿಸಿದರು. ಲಫ್ರಾಯ್ಗ್‌ನಂಥದ್ದೇ ಸ್ಟಿಲ್, ಅಲ್ಲಿಂದಲೇ ಕರೆಸಿದ ಕೆಲಸಗಾರ. ಆದರೂ ಲಫ್ರಾಯ್ಗ್ ಬರಲಿಲ್ಲ. 1962ರಲ್ಲಿ ಅದು ಮುಚ್ಚಿತು.

ಈಗ ಹೋಲಿಸುವ ವಿಷಯ. ಮೊದಲು ಎರಡರ ಸ್ಟ್ರೆಂತ್ (ಆಲ್ಕೋಹಾಲ್ ಪ್ರಮಾಣ) ಸಮ ಮಾಡಿ. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ "ಇದು ಖಾರ, ಅದು ಸಪ್ಪೆ" ಅಂತ ತೀರ್ಪು ಕೊಡುತ್ತಾರೆ. 16 ವರ್ಷದ ಲಗವೂಲಿನ್ ಇರುವುದು 43 ಶೇಕಡಾ, 8 ವರ್ಷದ್ದು 48. ಪೀಪಾಯಿಯಿಂದ ನೇರ ಬಂದ ಬಾಟಲಿ 56 ಇದ್ದರೂ ಇರಬಹುದು. ಮೆಡಿಕಲ್ ಶಾಪಿನಲ್ಲಿ ಸೂಜಿ ಇಲ್ಲದ ಸಿರಿಂಜ್ ಒಂದು ತನ್ನಿ. 56ರದ್ದು 15 ಮಿ.ಲೀ. ಇದ್ದರೆ 4.5 ಮಿ.ಲೀ. ನೀರು ಹಾಕಿದರೆ 43ಕ್ಕೆ ಇಳಿಯುತ್ತದೆ. 48ರದ್ದಕ್ಕೆ 1.7 ಮಿ.ಲೀ. ಸಾಕು.

ಆದಷ್ಟೂ ಒಂದೇ ಡಿಸ್ಟಿಲರಿಯದ್ದು, ಒಂದೇ ಥರದ ಪೀಪಾಯಿಯದ್ದು ತೆಗೆದುಕೊಳ್ಳಿ. ಒಂದು ಮೊದಲು ಶೆರಿ ವೈನ್ ತುಂಬಿದ್ದ ಪೀಪಾಯಿ, ಇನ್ನೊಂದು ಅಮೆರಿಕದ ಬರ್ಬನ್ ವಿಸ್ಕಿ ತುಂಬಿದ್ದ ಪೀಪಾಯಿ ಆದರೆ ನೀವು ಮರ ಹೋಲಿಸುತ್ತಿದ್ದೀರಿ, ವಯಸ್ಸನ್ನಲ್ಲ. ಬಾಯಿ ಕಿರಿದಾದ ಲೋಟ ಇರಲಿ. ಹಳೆಯದನ್ನು ಮೊದಲು ಮೂಸಿ, ಎಳೆಯದನ್ನು ಆಮೇಲೆ. ಎಳೇ ಹೊಗೆ ಮೂಗಿಗೆ ಹತ್ತಿದ ಮೇಲೆ ಹಳೆಯದರ ಸೂಕ್ಷ್ಮ ಯಾವುದೂ ಸಿಗುವುದಿಲ್ಲ. ಅರ್ಧ ಗಂಟೆ ಬಿಟ್ಟು ಹಳೆಯದಕ್ಕೆ ಮತ್ತೆ ಬನ್ನಿ, ಅಷ್ಟರಲ್ಲಿ ಅದು ಅರಳಿರುತ್ತದೆ. ಆವತ್ತು ಮನೆಯಲ್ಲಿ ಊದುಬತ್ತಿ ಬೇಡ, ಇಂಗಿನ ಒಗ್ಗರಣೆ ಬೇಡ, ಖಾರದ ಮಿಕ್ಸ್‌ಚರ್ ಬೇಡವೇ ಬೇಡ. ಸುಮ್ನೆ ನೀರು, ಒಂದೆರಡು ತುಂಡು ಬ್ರೆಡ್ ಸಾಕು.

ಲೋಟಗಳನ್ನು ತೊಳೆಯಬೇಡಿ. ಹಾಗೇ ಬಿಟ್ಟು ಬೆಳಿಗ್ಗೆ ಮೂಸಿ. ಆಲ್ಕೋಹಾಲ್ ಹಾರಿಹೋಗಿ ತಳದಲ್ಲಿ ಬೂದಿಯ ವಾಸನೆ ಉಳಿದಿರುತ್ತದೆ. ಇಲ್ಲವಾಯಿತು ಅಂದುಕೊಂಡ ಹೊಗೆ ನಿಮ್ಮ 25 ವರ್ಷದ್ದರಲ್ಲೂ ಸಿಗುತ್ತದೆ.

ಒಂದು ಲೋಟಕ್ಕೆ 15 ಮಿ.ಲೀ. ಮೀರಬೇಡಿ, ಒಂದು ಸಂಜೆಗೆ ಮೂರಕ್ಕಿಂತ ಹೆಚ್ಚು ಬಾಟಲಿ ತೆರೆಯಬೇಡಿ. ನಾಲ್ಕನೆಯದರ ಬಗ್ಗೆ ಯಾರು ಏನು ಬರೆದರೂ ನಾನು ನಂಬುವುದಿಲ್ಲ. ಉಗುಳುವುದು ಅವಮಾನವಲ್ಲ, ವೃತ್ತಿಯವರು ಮಾಡುವುದೇ ಅದು. ಗಾಡಿ ಕೀಲಿ ಮುಟ್ಟಲೇಬೇಡಿ.

ಪ್ರಶ್ನೆ: ಇಂಥ ವಿಸ್ಕಿಗೆ ನೀರು ಹಾಕಿದರೆ ಪಾಪ ಅನ್ನುತ್ತಾರೆ, ನಿಜವಾ? (ಹುಬ್ಬಳ್ಳಿ)

ಹೇಳಿದವರಿಗೆ ವಿಷಯ ಗೊತ್ತಿಲ್ಲ. 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಲೆಕ್ಕದಲ್ಲಿ ಇದನ್ನೇ ನೋಡಿದರು. ಆಲ್ಕೋಹಾಲ್ 45 ಶೇಕಡಾ ಅಥವಾ ಅದಕ್ಕಿಂತ ಕೆಳಗಿದ್ದಾಗ ಹೊಗೆವಾಸನೆಯ ಗ್ವಾಯಕಾಲ್ ಮೇಲ್ಮೈ ಹತ್ತಿರ ಸೇರುತ್ತದೆ, 59 ದಾಟಿದರೆ ಆಲ್ಕೋಹಾಲ್ ಅದನ್ನು ಸುತ್ತುವರಿದು ಒಳಗೆಳೆಯುತ್ತದೆ. ಹನಿಹನಿಯಾಗಿ ನೀರು ಹಾಕಿ, ಮೂಸಿ. ಐಸ್ ಮಾತ್ರ ಬೇಡ, ತಣ್ಣಗಾದರೆ ವಾಸನೆ ಏಳುವುದಿಲ್ಲ.

ಪ್ರಶ್ನೆ: ಆಸ್ಪತ್ರೆ ವಾಸನೆ ಬರುವ ಲಫ್ರಾಯ್ಗ್ ಕೆಮ್ಮು, ಕಫಕ್ಕೆ ಒಳ್ಳೆಯದಂತೆ. ಅಮ್ಮನಿಗೆ ಒಂದು ಚಮಚ ಕೊಡಬಹುದಾ? (ದಾವಣಗೆರೆ)

ಕೊಡಬೇಡಿ. ಟಿಂಚರ್ ವಾಸನೆ ಬಂದ ಮಾತ್ರಕ್ಕೆ ಔಷಧಿ ಆಗುವುದಿಲ್ಲ, ಅದು ಕ್ರೆಸಾಲ್‌ನಂಥ ಫೀನಾಲ್‌ಗಳ ವಾಸನೆ ಅಷ್ಟೆ. ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಇದು ಔಷಧಿ ಹೆಸರಲ್ಲಿ ಮಾರಾಟವಾದದ್ದು ಹೌದು. ಅದು ವ್ಯಾಪಾರಿಯ ಜಾಣತನ, ವೈದ್ಯವಲ್ಲ. ವಯಸ್ಸಾದವರಿಗೆ, ಮಕ್ಕಳಿಗೆ ಇದನ್ನು ಹೇಳಿಕೊಡುವ ನಾಟಿ ಪಂಡಿತರನ್ನು ಮನೆ ಹತ್ತಿರ ಬಿಟ್ಟುಕೊಳ್ಳಬೇಡಿ. ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ಬಣ್ಣ ಗಾಢವಾಗಿದ್ದರೆ ಹಳೆಯದು ಅಲ್ವಾ?

ಅಲ್ಲ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಹಾಕಲು ಕಾನೂನೇ ಒಪ್ಪುತ್ತದೆ.

ಪ್ರಶ್ನೆ: 25 ವರ್ಷದ ಬಾಟಲಿಯನ್ನು ಇನ್ನೂ 10 ವರ್ಷ ಬೀರುವಿನಲ್ಲಿಟ್ಟರೆ 35 ವರ್ಷದ್ದಾಗುತ್ತದಾ?

ಇಲ್ಲ. ಪೀಪಾಯಿಯಿಂದ ಹೊರಬಂದ ದಿನಕ್ಕೇ ವಯಸ್ಸಿನ ಲೆಕ್ಕ ಮುಗಿಯಿತು. ನೆಟ್ಟಗೆ ನಿಲ್ಲಿಸಿಡಿ, ಮಲಗಿಸಿದರೆ ಕಾರ್ಕ್ ಹಾಳಾಗುತ್ತದೆ.

ಪ್ರಶ್ನೆ: ಬೆಂಗಳೂರಿನ 5 ವರ್ಷ ಸ್ಕಾಟ್ಲೆಂಡಿನ 15ಕ್ಕೆ ಸಮವಂತೆ?

ಈ ಮಗ್ಗಿ ಬಿಡಿ. ನಮ್ಮ ಬಿಸಿಲಿಗೆ ಮರದ ರುಚಿ ಬೇಗ ಇಳಿಯುತ್ತದೆ, ಪೀಪಾಯಿಯಿಂದ ಆವಿಯಾಗುವುದೂ ಅಲ್ಲಿಗಿಂತ ಎಷ್ಟೋ ಜಾಸ್ತಿ. ನಿಧಾನಕ್ಕೆ ಆಗಬೇಕಾದ್ದು ಬೇಗ ಆಗುವುದಿಲ್ಲ. ಸ್ಕಾಟ್ಲೆಂಡಿನ ಪೀಟೆಡ್ ಬಾರ್ಲಿ ಬೆರೆಸಿ ಮಾಡುವ ಅಮೃತ್ ಫ್ಯೂಷನ್ ಒಳ್ಳೆಯ ವಿಸ್ಕಿ. ಅದನ್ನು ಅದರ ಪಾಡಿಗೆ ಸವಿಯಿರಿ.

ಪ್ರಶ್ನೆ: ಪರಿಚಯದವರೊಬ್ಬರು ಮುಚ್ಚಿಹೋದ ಡಿಸ್ಟಿಲರಿಯ ಹಳೇ ಬಾಟಲಿ ಅರ್ಧ ಬೆಲೆಗೆ ಕೊಡುತ್ತಾರಂತೆ. ಕೊಳ್ಳಲಾ? (ಮಂಗಳೂರು)

ಬೇಡ. ಸ್ಕಾಟ್ಲೆಂಡಿನ ಬ್ರೋರಾ, ಪೋರ್ಟ್ ಎಲೆನ್ ಡಿಸ್ಟಿಲರಿಗಳೆರಡೂ 1983ರಲ್ಲಿ ಮುಚ್ಚಿದ್ದವು. 2021ರಲ್ಲಿ ಒಂದು, 2024ರಲ್ಲಿ ಇನ್ನೊಂದು ಮತ್ತೆ ಶುರುವಾದವು. ಹಳೇ ಸ್ಟಾಕಿನ ಬೆಲೆ ಎಷ್ಟೆಂದು ಮಾರುವವರಿಗೆ ಚೆನ್ನಾಗಿ ಗೊತ್ತು, ಅರ್ಧಕ್ಕೆ ಯಾರೂ ಕೊಡುವುದಿಲ್ಲ. 2018ರಲ್ಲಿ ಸ್ಕಾಟ್ಲೆಂಡಿನ ಪ್ರಯೋಗಾಲಯವೊಂದು ಅಪರೂಪದ 55 ಬಾಟಲಿಗಳನ್ನು ವಯಸ್ಸು ತಿಳಿಯುವ ಇಂಗಾಲದ ಪರೀಕ್ಷೆಗೆ ಒಡ್ಡಿದಾಗ 21 ನಕಲಿ ಅಂತ ಗೊತ್ತಾಯಿತು. ನಮ್ಮಲ್ಲಿ ಗುಜರಿಗೆ ಹೋದ ಖಾಲಿ ಬಾಟಲಿ ತುಂಬಿ ಮಾರುವ ದಂಧೆಯೂ ಇದೆ. ನೀವು ಖಾಲಿ ಮಾಡಿದ ಬಾಟಲಿ ಎಸೆಯುವ ಮುನ್ನ ಲೇಬಲ್ ಕೆರೆದು, ಡಬ್ಬ ಹರಿದು ಹಾಕಿ.